ಕಸದ ಖರ್ಚು ಯಾರ ಜೇಬಿನಿಂದ? ರಾಯದುರ್ಗ, ಮಡಕಶಿರ, ಮಂಜೇಶ್ವರ ಮತ್ತು ನಮ್ಮ ಮಂಗಳೂರು

ಎರಡೂ ಗಾಂಧಿ ಜಯಂತಿಯ ದಿನವೇ ಆದದ್ದು. 2021ರ ಅಕ್ಟೋಬರ್ 2ರಂದು ಆಂಧ್ರಪ್ರದೇಶದ ಆಗಿನ ಮುಖ್ಯಮಂತ್ರಿ ಜಗನ್‌ಮೋಹನ್ ರೆಡ್ಡಿ ವಿಜಯವಾಡದಲ್ಲಿ ಬಾವುಟ ತೋರಿಸಿ ಸಾಲು ಸಾಲು ಕಸದ ಗಾಡಿಗಳನ್ನು ರಸ್ತೆಗಿಳಿಸಿದರು. ಯೋಜನೆಯ ಹೆಸರು 'ಕ್ಲೀನ್ ಆಂಧ್ರಪ್ರದೇಶ', ಚಿಕ್ಕದಾಗಿ 'ಕ್ಲಾಪ್'. ಗಾಡಿಯ ಹಿಂದೆಯೇ ಮನೆ ಮನೆಗೆ ತಿಂಗಳ ಶುಲ್ಕವೂ ಬಂತು. ಸರಿಯಾಗಿ ಮೂರು ವರ್ಷ ಕಳೆದು, 2024ರ ಅಕ್ಟೋಬರ್ 2ರಂದು, ಚಂದ್ರಬಾಬು ನಾಯ್ಡು ಮಚಿಲಿಪಟ್ಟಣದಲ್ಲಿ ನಿಂತು ಆ ಶುಲ್ಕ ಇನ್ನಿಲ್ಲ ಎಂದು ಘೋಷಿಸಿದರು. ಅದೇ ಭಾಷಣದಲ್ಲಿ ಇನ್ನೊಂದು ಮಾತೂ ಇತ್ತು: ಹಿಂದಿನ ಸರಕಾರ 85 ಲಕ್ಷ ಟನ್ ಕಸ ಬಿಟ್ಟು ಹೋಗಿದೆ, ಅದನ್ನು ಒಂದು ವರ್ಷದಲ್ಲಿ ತೆಗೆಯಬೇಕು.

ಶುಲ್ಕ ಹೋಯಿತು, ಕಸ ಉಳಿಯಿತು. ಹಾಗಾದರೆ ಆ ಕಸ ತೆಗೆಯೋ ಖರ್ಚು ಈಗ ಯಾರದ್ದು? ಈ ಪ್ರಶ್ನೆಗೆ ಆಂಧ್ರದಲ್ಲಿ ಒಂದು ಉತ್ತರ ಬಿದ್ದುಹೋಯಿತು. ನಮ್ಮ ಪಕ್ಕದ ಕಾಸರಗೋಡಿನಲ್ಲಿ ಇನ್ನೊಂದು ಉತ್ತರ ಹೇಗೋ ನಿಂತುಕೊಂಡಿದೆ. ಮಂಗಳೂರಿನಲ್ಲಿ ನಾವು ದುಡ್ಡು ಕಟ್ಟುತ್ತಲೇ ಇದ್ದೇವೆ, ಆದರೆ ಪ್ರಶ್ನೆಯನ್ನೇ ಕೇಳಿಲ್ಲ.

ಮೊದಲು ಆಂಧ್ರದ ಕಥೆ. ಅದರಲ್ಲೂ ಗಡಿಯ ಎರಡು ಕನ್ನಡದ ಊರುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ನೋಡೋಣ. ರಾಯದುರ್ಗ ಮತ್ತು ಮಡಕಶಿರ.

ರಾಯದುರ್ಗ ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯ ತಾಲೂಕು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಈಚೆ ಉಳಿಯಿತು, ಆದೋನಿ, ಆಲೂರು, ರಾಯದುರ್ಗ ಆಚೆ ಹೋದವು. ಇವತ್ತಿಗೂ ಪೇಟೆಯಲ್ಲಿ ಕನ್ನಡ ಕೇಳುತ್ತದೆ. ಜೀನ್ಸ್ ಮತ್ತು ಸಿದ್ಧ ಉಡುಪು ಹೊಲಿಯುವ ಊರು ಅಂತಲೇ ಹೆಸರು. 2011ರ ಜನಗಣತಿಯಲ್ಲಿ 60 ಸಾವಿರ ಚಿಲ್ಲರೆ ಜನ, ಪುರಸಭೆ ಇದೆ. ಮಡಕಶಿರ ಇನ್ನೂ ಚಿಕ್ಕದು, 20 ಸಾವಿರ ಚಿಲ್ಲರೆ, ನಗರ ಪಂಚಾಯತ್. ಪಾವಗಡ, ಶಿರಾ, ಮಧುಗಿರಿ ಕಡೆಯಿಂದ ಕರ್ನಾಟಕ ಅದನ್ನು ಸುತ್ತುವರಿದಿದೆ. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆಯನ್ನು ಒಡೆದಾಗ ಮಡಕಶಿರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು.

ಕರಾವಳಿಯವರಿಗೆ ಈ ಊರುಗಳು ದೂರ. ಮಳೆಯ ಲೆಕ್ಕದಲ್ಲಂತೂ ಬೇರೆಯೇ ಲೋಕ. ಅನಂತಪುರದಲ್ಲಿ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ಮಂಗಳೂರಿನಲ್ಲಿ 3,500 ದಾಟುತ್ತದೆ. ಅಲ್ಲಿ ಕಸ ಒಣಗಿ ಗಾಳಿಗೆ ಹಾರುತ್ತದೆ, ಇಲ್ಲಿ ನೆನೆದು ಜಾರುತ್ತದೆ. ಆದರೆ ಒಂದು ಪುರಸಭೆಯ ಖಜಾನೆ ಹೇಗೆ ನಡೆಯುತ್ತೆ, ಎಲ್ಲಿ ಸೋರುತ್ತೆ ಅನ್ನೋದು ಇಂಥ ಚಿಕ್ಕ ಊರಿನಲ್ಲೇ ಚೆನ್ನಾಗಿ ಕಾಣುವುದು. ದೊಡ್ಡ ನಗರದ ಬಜೆಟ್ ಪುಸ್ತಕದಲ್ಲಿ ಅದು ಮುಚ್ಚಿಹೋಗಿರುತ್ತದೆ.

ಶುಲ್ಕ ಹುಟ್ಟಿದ್ದು ಎಲ್ಲಿ?

'ಚೆತ್ತ ಪನ್ನು' ಅಂತ ಜನ ಕರೆದರು. ತೆಲುಗಿನಲ್ಲಿ ಚೆತ್ತ ಅಂದರೆ ಕಸ, ಪನ್ನು ಅಂದರೆ ತೆರಿಗೆ. ದೊಡ್ಡ ನಗರಗಳಲ್ಲಿ ಮನೆಗೆ ತಿಂಗಳಿಗೆ 120 ರೂಪಾಯಿ, ಕೊಳೆಗೇರಿಯಲ್ಲಿ 60, ಸಣ್ಣ ಊರುಗಳಲ್ಲಿ ಇನ್ನೂ ಕಡಿಮೆ. ಮೊತ್ತ ನೋಡಿದರೆ ದೊಡ್ಡದೇನಲ್ಲ, ಒಂದು ಮೊಬೈಲ್ ರೀಚಾರ್ಜಿಗಿಂತ ಕಡಿಮೆ. ಮತ್ತೆ ಯಾಕೆ ಅಷ್ಟು ಸಿಟ್ಟು?

ಬೇರು ಹುಡುಕಿದರೆ ಕೋವಿಡ್ ಕಾಲಕ್ಕೆ ಹೋಗಬೇಕು. 2020ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ರಾಜ್ಯಗಳಿಗೆ ಹೆಚ್ಚು ಸಾಲ ಎತ್ತಲು ಅವಕಾಶ ಕೊಟ್ಟಿತು. ಆದರೆ ಅದರಲ್ಲಿ ಒಂದು ಪಾಲಿಗೆ ಷರತ್ತು ಹಾಕಿತು. ಪಡಿತರ ಚೀಟಿ, ವಿದ್ಯುತ್, ವ್ಯಾಪಾರ ನಿಯಮ, ಮತ್ತು ನಗರ ಸಂಸ್ಥೆಗಳ ಆದಾಯ, ಈ ನಾಲ್ಕರಲ್ಲಿ ಸುಧಾರಣೆ ತಂದ ರಾಜ್ಯಕ್ಕೆ ಮಾತ್ರ ಆ ಪಾಲು. ನಗರಗಳ ವಿಷಯದಲ್ಲಿ ಕೇಳಿದ್ದು ಆಸ್ತಿ ತೆರಿಗೆಯ ಕನಿಷ್ಠ ದರ, ಮತ್ತು ನೀರು, ಚರಂಡಿ, ಒಳಚರಂಡಿಗೆ ನಿಜವಾದ ಖರ್ಚಿಗೆ ತಕ್ಕ ಶುಲ್ಕ. ಆಂಧ್ರ ಬೇಗನೇ ಒಪ್ಪಿತು. ಆಸ್ತಿ ತೆರಿಗೆಯನ್ನು ಬಾಡಿಗೆಯ ಲೆಕ್ಕದಿಂದ ಆಸ್ತಿಯ ಬೆಲೆಯ ಲೆಕ್ಕಕ್ಕೆ ಬದಲಿಸುವ ಕಾನೂನು 2020ರಲ್ಲೇ ಬಂತು. 2021ರ ಜನವರಿಯಲ್ಲಿ ಈ ಸುಧಾರಣೆ ಮುಗಿಸಿದ ಮೊದಲ ಎರಡು ರಾಜ್ಯಗಳು ಮಧ್ಯಪ್ರದೇಶ ಮತ್ತು ಆಂಧ್ರ. ಆಂಧ್ರಕ್ಕೆ ಸಿಕ್ಕಿದ್ದು 2,525 ಕೋಟಿ ರೂಪಾಯಿ ಹೆಚ್ಚುವರಿ ಸಾಲದ ಅನುಮತಿ. ಅನುದಾನ ಅಲ್ಲ, ಸಾಲ ಮಾಡಲು ಅನುಮತಿ!

ಕಸದ ಶುಲ್ಕ ಈ ಪಟ್ಟಿಯಲ್ಲಿ ಹೆಸರು ಹೇಳಿ ಇರಲಿಲ್ಲ. ಅದಕ್ಕೆ ಬೇರೆ ಆಧಾರ ಇತ್ತು, 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು. ಸ್ಥಳೀಯ ಸಂಸ್ಥೆ ಬಳಕೆದಾರರ ಶುಲ್ಕ ವಸೂಲಿ ಮಾಡಬೇಕು ಎಂದು ಅಲ್ಲಿ ಬರೆದಿತ್ತು. ಆದರೆ ಗಾಳಿ ಬೀಸಿದ ದಿಕ್ಕು ಒಂದೇ. ಜನರಿಗೆ ಕಂಡಿದ್ದು ಇಷ್ಟು: ಮನೆ ತೆರಿಗೆ ಏರಿತು, ಅದರ ಮೇಲೆ ಕಸದ ಹೆಸರಲ್ಲಿ ಇನ್ನೊಂದು ಬಂತು, ಎರಡನ್ನೂ ನಿರ್ಧರಿಸಿದ್ದು ನಮ್ಮ ಊರಿನವರಲ್ಲ.

ವಸೂಲಿ ಮಾಡಿದ ರೀತಿಯಂತೂ ಕೇಳೋದೇ ಬೇಡ. 2022ರಲ್ಲಿ ಕರ್ನೂಲಿನಲ್ಲಿ ಶುಲ್ಕ ಕಟ್ಟದ ಅಂಗಡಿಗಳ ಮುಂದೆ ಕಸ ತಂದು ಸುರಿದ ಸುದ್ದಿ ರಾಜ್ಯವಿಡೀ ಹರಡಿತು. ಕಸ ತೆಗೆಯೋದಕ್ಕೆ ಅಂತ ದುಡ್ಡು ಕೇಳುವವರೇ ಕಸ ಸುರಿದರೆ ಜನ ಏನು ತಿಳ್ಕೋಬೇಕು? ಇನ್ನೊಂದು ಕಡೆ, ದುಡ್ಡು ವಸೂಲಾಗುತ್ತಿದ್ದ ಕಾಲದಲ್ಲೇ, 2023ರ ಡಿಸೆಂಬರ್ 26ರಿಂದ ಆಂಧ್ರದ ಪೌರಕಾರ್ಮಿಕರು ಸಂಬಳಕ್ಕಾಗಿ ಮುಷ್ಕರ ಕೂತರು. ಹೊಸ ವರ್ಷದ ಮೊದಲ ವಾರ ಪೂರ್ತಿ ಊರೂರಲ್ಲಿ ಕಸ ಕೊಳೆಯಿತು. ಕಟ್ಟಿದ ದುಡ್ಡು ಗುಡಿಸುವವರ ಕೈಗೂ ಹೋಗಿಲ್ಲ ಅಂತ ಜನರಿಗೆ ಅನ್ನಿಸಿದರೆ ತಪ್ಪೇನು?

2024ರ ಚುನಾವಣೆಯಲ್ಲಿ ಜಗನ್ ಪಕ್ಷ 151 ಸೀಟಿನಿಂದ 11ಕ್ಕೆ ಇಳಿಯಿತು. ರಾಯದುರ್ಗ, ಮಡಕಶಿರ ಎರಡೂ ತೆಲುಗು ದೇಶಂ ಪಾಲಾದವು, ಮಡಕಶಿರ ಬರೀ 351 ಮತದಲ್ಲಿ. ಕಸದ ಶುಲ್ಕವೇ ಸೋಲಿಸಿತು ಅಂತ ನಾನು ಹೇಳಲಾರೆ, ಕಾರಣಗಳು ನೂರಿದ್ದವು. ಆದರೆ ವಿರೋಧ ಪಕ್ಷದ ಭಾಷಣಗಳಲ್ಲಿ ಈ ತೆರಿಗೆ ಇಲ್ಲದ ದಿನ ಇರಲಿಲ್ಲ. ಇಷ್ಟು ಸುಲಭವಾಗಿ ಸಿಗುವ ಅಸ್ತ್ರವನ್ನು ಯಾರು ಬಿಡುತ್ತಾರೆ?

ಈಗ ಲೆಕ್ಕದ ವಿಷಯ. ಇದು ಅಂದಾಜಿನ ಲೆಕ್ಕ, ಯಾವ ಪುರಸಭೆಯ ಪುಸ್ತಕದ್ದೂ ಅಲ್ಲ. 20 ಸಾವಿರ ಜನ ಇರುವ ಊರಲ್ಲಿ 5 ಸಾವಿರ ಮನೆ ಅಂತಿಟ್ಟುಕೊಳ್ಳಿ. ಮನೆಗೆ ತಿಂಗಳಿಗೆ 30 ರೂಪಾಯಿಯಂತೆ ಎಲ್ಲರೂ ಕಟ್ಟಿದರೆ ವರ್ಷಕ್ಕೆ 18 ಲಕ್ಷ. ಆ ಊರು ಗುಡಿಸಲು 20 ಜನ ಕೆಲಸಗಾರರಿಗೆ ತಿಂಗಳಿಗೆ 15 ಸಾವಿರದಂತೆ ಸಂಬಳ ಕೊಟ್ಟರೆ ಅದೇ 36 ಲಕ್ಷ. ಗಾಡಿಯ ಡೀಸೆಲ್, ಟಯರ್, ರಿಪೇರಿ ಇನ್ನೂ ಸೇರಿಲ್ಲ. ಅಂದರೆ ಎಲ್ಲರೂ ಚಾಚೂತಪ್ಪದೆ ಕಟ್ಟಿದರೂ ಸಂಬಳದ ಅರ್ಧ. ಈಗ ಅದೂ ಇಲ್ಲ. ಉಳಿದದ್ದು ಆಸ್ತಿ ತೆರಿಗೆ, ಮತ್ತು ಮೇಲಿನಿಂದ ಬರುವ ಅನುದಾನ.

ಮೇಲಿನಿಂದ ಬರೋದು ಕಡಿಮೆಯೇನಲ್ಲ. 15ನೇ ಹಣಕಾಸು ಆಯೋಗ 2021ರಿಂದ 26ರವರೆಗೆ ಇಂಥ ಊರುಗಳಿಗೆ ಕೊಡುವ ಅನುದಾನದಲ್ಲಿ ನೂರಕ್ಕೆ 60 ಪಾಲನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. 2021ರ ಅಕ್ಟೋಬರ್ 1ರಂದು ಶುರುವಾದ ಸ್ವಚ್ಛ ಭಾರತ್ ನಗರ 2.0 ಯೋಜನೆಯ ಒಟ್ಟು ಗಾತ್ರ 1,41,600 ಕೋಟಿ. ಅದರಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಕೊಳಚೆ ನೀರಿಗೆ ಮೊದಲ ಸಲ ಪ್ರತ್ಯೇಕ ಹಣ ಇಟ್ಟರು. ರಾಯದುರ್ಗ, ಮಡಕಶಿರ ಎರಡೂ ಈ ಅಳತೆಯೊಳಗೆ ಬರುವ ಊರುಗಳು.

ಆದರೆ ಇದು ಬಹುಪಾಲು ಕಟ್ಟಲು ಕೊಡುವ ಹಣ. ಘಟಕ ಕಟ್ಟಿ, ಪೈಪ್ ಹಾಕಿ, ಗಾಡಿ ತಗೊಳ್ಳಿ. ಉದ್ಘಾಟನೆಗೆ ಶಾಸಕರು ಬರುತ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತುತ್ತಾರೆ. ಮರುದಿನದಿಂದ ಪಂಪಿನ ಕರೆಂಟ್ ಬಿಲ್ ಯಾರದ್ದು? ಹತ್ತು ವರ್ಷ ಕಳೆದು ಮೋಟಾರ್ ಸುಟ್ಟರೆ ಯಾರು ಕೊಡೋದು? ಅದಕ್ಕೆ ಕಲ್ಲು ಕೆತ್ತುವವರಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಕೊಟ್ಟ ಅಂಕಿ ನೋಡಿ. ದೇಶದ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರು ಹುಟ್ಟುತ್ತದೆ. ಸಂಸ್ಕರಿಸಲು ಕಟ್ಟಿಟ್ಟ ಸಾಮರ್ಥ್ಯ 31,841. ನಿಜವಾಗಿ ಸಂಸ್ಕರಣೆ ಆಗುತ್ತಿದ್ದದ್ದು 20,236. ಕಟ್ಟದೇ ಇರೋದು ಒಂದು ಸಮಸ್ಯೆ, ಸರಿ. ಆದರೆ ಕಟ್ಟಿದ್ದರಲ್ಲೂ ಮೂರನೇ ಒಂದು ಪಾಲು ಉಪಯೋಗಕ್ಕಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರಾಯದುರ್ಗ ಭಾಗದ ಭೈರವಾನಿತಿಪ್ಪ ಜಲಾಶಯಕ್ಕೆ ನೀರು ಬರೋದು ವೇದಾವತಿಯಿಂದ, ಅಂದರೆ ಕರ್ನಾಟಕದಿಂದ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ ಆ ನೀರು ಹರಿದದ್ದು ಆ ದಿಕ್ಕಿಗೇ. ಮೇಲಿನ ಊರು ತನ್ನ ಚರಂಡಿಗೆ ದುಡ್ಡು ಹಾಕದಿದ್ದರೆ ಕುಡಿಯೋದು ಕೆಳಗಿನ ಊರು. ತುಂಬೆಯ ನೀರು ಕುಡಿಯುವ ಮಂಗಳೂರಿಗೂ, ಒಳಚರಂಡಿ ಯೋಜನೆ ವರ್ಷಗಟ್ಟಲೆ ಅರ್ಧಕ್ಕೆ ನಿಂತ ಬಂಟ್ವಾಳಕ್ಕೂ ಇರುವ ಸಂಬಂಧ ಇದೇ. ಇಂಥ ವಿಷಯದಲ್ಲಿ ಒಂದು ಊರಿನ ಬಜೆಟ್ ಆ ಊರಿನದ್ದು ಮಾತ್ರ ಆಗಿರೋದಿಲ್ಲ.

ತಲಪಾಡಿ ದಾಟಿದರೆ

ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ನಮ್ಮ ಸಂಬಂಧಿಕರಿಲ್ಲದ ಮನೆ ಇದೆಯಾ? ಅಲ್ಲಿಗೆ ಹೋದಾಗ ಮನೆ ಗೋಡೆಯ ಮೇಲೆ ಅಂಟಿಸಿದ ಕ್ಯೂಆರ್ ಕೋಡ್ ನೋಡಿರುತ್ತೀರಿ. ಹರಿತ ಕರ್ಮ ಸೇನೆಯದ್ದು. ತಿಂಗಳಿಗೊಮ್ಮೆ ಹಸಿರು ಕೋಟು ಹಾಕಿದ ಹೆಂಗಸರು ಬರುತ್ತಾರೆ, ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ ತಗೊಳ್ಳುತ್ತಾರೆ, ಕೋಡ್ ಸ್ಕ್ಯಾನ್ ಮಾಡುತ್ತಾರೆ, ಪಂಚಾಯತ್ ಆದರೆ 50 ರೂಪಾಯಿ, ಮುನ್ಸಿಪಾಲಿಟಿ ಆದರೆ 70 ರೂಪಾಯಿ ಕೇಳುತ್ತಾರೆ. ಹಸಿ ಕಸ ಮನೆಯಲ್ಲೇ ಮುಗಿಸಬೇಕು.

ಅಲ್ಲೂ ವಿರೋಧ ಇತ್ತು, ಸಣ್ಣದೇನಲ್ಲ. 2023ರ ಶುರುವಿನಲ್ಲಿ 'ಕೊಡಬೇಕಾಗಿಲ್ಲ, ಕಾನೂನಿಲ್ಲ' ಅಂತ ವಾಟ್ಸಾಪ್‌ನಲ್ಲಿ ದೊಡ್ಡ ಪ್ರಚಾರವೇ ನಡೆಯಿತು. ನಮ್ಮ ಕಡೆಯ ಗ್ರೂಪುಗಳಿಗೂ ಆ ಫಾರ್ವರ್ಡ್ ಬಂದಿತ್ತು. ಅದೇ ವರ್ಷ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರಂ ಕಸದ ಗುಡ್ಡೆಗೆ ಬೆಂಕಿ ಬಿತ್ತು. ಹತ್ತು ದಿನಕ್ಕೂ ಹೆಚ್ಚು ನಗರ ಹೊಗೆಯಲ್ಲಿ ಮುಳುಗಿತು. ಅಲ್ಲಿಂದ ಸರಕಾರದ ಧಾಟಿ ಬದಲಾಯಿತು, ಜನರದ್ದೂ ಸ್ವಲ್ಪ ಬದಲಾಯಿತು. ವರ್ಷದ ಕೊನೆಗೆ ಸುಗ್ರೀವಾಜ್ಞೆ ತಂದು, ಶುಲ್ಕ ಕಟ್ಟದಿದ್ದರೆ ಬಾಕಿಯನ್ನು ಆಸ್ತಿ ತೆರಿಗೆಯ ಜೊತೆ ವಸೂಲಿ ಮಾಡಬಹುದು ಎಂದು ಮಾಡಿದರು.

ಆಂಧ್ರದಲ್ಲಿ ಬಿದ್ದ ಶುಲ್ಕ ಕೇರಳದಲ್ಲಿ ಯಾಕೆ ನಿಂತಿತು? ಕೇರಳದವರು ಬುದ್ಧಿವಂತರು ಅನ್ನೋ ಉತ್ತರ ನನಗೆ ಒಪ್ಪಿಗೆಯಾಗಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ಆಸ್ಪತ್ರೆ ತ್ಯಾಜ್ಯ ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ಸುರಿದದ್ದು ಸಿಕ್ಕಿಬಿದ್ದು, ಹಸಿರು ನ್ಯಾಯಮಂಡಳಿ ಅದನ್ನು ವಾಪಸ್ ತೆಗೆಯಿಸಿದ್ದನ್ನು ನಾವು ಮರೆತಿಲ್ಲ. ನನಗೆ ಕಾಣುವ ಕಾರಣ ಬೇರೆ. 50 ರೂಪಾಯಿ ಯಾರ ಕೈಗೆ ಹೋಗುತ್ತದೆ ಅನ್ನೋದು ಅಲ್ಲಿ ಮನೆಯವರಿಗೆ ಕಣ್ಣಿಗೆ ಕಾಣುತ್ತದೆ. ಬರುವವಳು ಅದೇ ವಾರ್ಡಿನ ಕುಟುಂಬಶ್ರೀ ಹೆಂಗಸು, ಹೆಸರು ಗೊತ್ತು, ಮಕ್ಕಳು ಯಾವ ಶಾಲೆಗೆ ಹೋಗ್ತಾರೆ ಅಂತ ಗೊತ್ತು. ಆ ದುಡ್ಡು ಅವಳ ದುಡಿಮೆ. ಅವಳು ಬಾರದಿದ್ದರೆ ಪಂಚಾಯತ್ ಮೆಂಬರಿಗೆ ಫೋನ್ ಮಾಡಬಹುದು. ಆಂಧ್ರದಲ್ಲಿ ದುಡ್ಡು ಮೇಲಕ್ಕೆ ಹೋಯಿತು, ಗಾಡಿ ಗುತ್ತಿಗೆದಾರನದ್ದಾಗಿತ್ತು, ಯಾವ ಮೆಂಬರನ್ನು ಕೇಳಿದರೂ 'ಅಮರಾವತಿಯ ನಿರ್ಧಾರ' ಎನ್ನುವ ಉತ್ತರಕ್ಕೆ ದಾರಿ ಇತ್ತು.

ಹಾಗಂತ 50 ರೂಪಾಯಿಯಲ್ಲಿ ಆ ಹೆಂಗಸರಿಗೆ ಮರ್ಯಾದೆಯ ಸಂಬಳ ಸಿಗುತ್ತದೆ ಅಂತಲ್ಲ. ಬೆಟ್ಟದ ಮೇಲಿನ ಹತ್ತು ಮನೆಗೆ ಹತ್ತಿ ಇಳಿದವಳಿಗೂ, ಪೇಟೆಯ ಫ್ಲ್ಯಾಟಿಗೆ ಲಿಫ್ಟಲ್ಲಿ ಹೋದವಳಿಗೂ ಒಂದೇ ದರ ಅಂದರೆ ಅದರಲ್ಲಿ ನ್ಯಾಯ ಎಲ್ಲಿದೆ?

ಇನ್ನು ನಮ್ಮ ಮಂಗಳೂರು

ಮಂಗಳೂರಿನ ಒಳಚರಂಡಿಗೆ ದೊಡ್ಡ ದುಡ್ಡು ಬಂದದ್ದು ಹೊರಗಿನಿಂದ. 1999ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಕರ್ನಾಟಕದ ಕರಾವಳಿ ನಗರಗಳಿಗೆ 17.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಮಂಗಳೂರು, ಉಳ್ಳಾಲ, ಪುತ್ತೂರು, ಉಡುಪಿ, ಕುಂದಾಪುರದಿಂದ ಭಟ್ಕಳ, ಕಾರವಾರ, ದಾಂಡೇಲಿವರೆಗೆ ಹತ್ತು ಊರು. ಆ ಕಾಲದಲ್ಲಿ ರಸ್ತೆ ಅಗೆದು ಅಗೆದು ಊರು ಹೇಗಾಗಿತ್ತು ಅಂತ ನಲ್ವತ್ತು ದಾಟಿದವರಿಗೆ ನೆನಪಿರಬೇಕು. ಕಾವೂರಿನಲ್ಲಿ ದಿನಕ್ಕೆ 43.5 ದಶಲಕ್ಷ ಲೀಟರಿನ ಘಟಕ, ಬಜಾಲಿನಲ್ಲಿ 20, ಸುರತ್ಕಲ್ ಬಳಿ 16.5. ಜೆಪ್ಪಿನಮೊಗರಿನಲ್ಲಿ ಸಣ್ಣದೊಂದು. ಕಾಗದದಲ್ಲಿ ನೋಡಿದರೆ ನಗರದ ಕೊಳಚೆಗೆ ಸಾಕಾಗುವಷ್ಟು.

ಆದರೆ ಘಟಕದವರೆಗೆ ನೀರು ತಲುಪಬೇಕಲ್ಲ. ಹಳೇ ಪೇಟೆಯ ಕೊಳವೆಗಳು ನಾಲ್ಕು ದಶಕ ದಾಟಿದವು, ಹೊಸ ಬಡಾವಣೆಯ ಎಷ್ಟೋ ಕಡೆ ಸಂಪರ್ಕವೇ ಆಗಿಲ್ಲ. ನಡುವೆ ಮಳೆಗಾಲ. ಕೊಳಚೆಯ ಪೈಪಿಗೆ ಮಳೆ ನೀರು ನುಗ್ಗಿ ಮ್ಯಾನ್‌ಹೋಲ್ ಉಕ್ಕಿ ಹರಿಯೋದನ್ನು ಜೂನ್‌ನಲ್ಲಿ ಬಂದರು, ಕುದ್ರೋಳಿ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕರೆಂಟ್ ಹೋದರೆ ವೆಟ್‌ವೆಲ್ ಪಂಪ್ ನಿಲ್ಲುತ್ತದೆ, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಆ ನೀರು ಹೋಗೋದು ಪಕ್ಕದ ತೋಡಿಗೆ, ತೋಡಿನಿಂದ ನದಿಗೆ. ಗುಜ್ಜರಕೆರೆಗೆ ಕೊಳಚೆ ಸೇರುವ ದೂರು ಎಷ್ಟು ವರ್ಷದ್ದು! ಒಳಚರಂಡಿ ಇಲ್ಲದ ಕಡೆ ಮನೆ ಪಿಟ್ಟು. ನಮ್ಮದು ಮುರಕಲ್ಲಿನ ನೆಲ, ತೂತು ತೂತು. ಪಿಟ್ಟಿನದ್ದು ಬಾವಿಗೆ ಹೋಗಲು ಹೆಚ್ಚು ದಾರಿ ಬೇಕಾಗಿಲ್ಲ. ಮಹಡಿ ಮೇಲೆ ಮಹಡಿ ಎತ್ತುವಾಗ ಅದೇ ಹಳೇ ಪಿಟ್ಟು, ಅದೇ ಹಳೇ ಬಾವಿ. ಗಲ್ಫಿನ ದುಡ್ಡಲ್ಲಿ ಎದ್ದ ಮನೆಗಳಲ್ಲಿ ಗ್ರಾನೈಟ್ ಹಾಸಿಗೆ ಖರ್ಚು ಮಾಡಿದ್ದರ ಕಾಲು ಭಾಗವೂ ಪಿಟ್ಟಿಗೆ ಖರ್ಚಾಗಿಲ್ಲ ಅಂದರೆ ಯಾರೂ ಬೇಜಾರು ಮಾಡ್ಕೋಬೇಡಿ.

ಮಂಗಳೂರಿನಲ್ಲಿ ಒಂದು ಒಳ್ಳೆಯ ವಿಷಯವೂ ಇದೆ. ಸಂಸ್ಕರಿಸಿದ ಕೊಳಚೆ ನೀರನ್ನು ಇಲ್ಲಿನ ವಿಶೇಷ ಆರ್ಥಿಕ ವಲಯ ಕಾರ್ಖಾನೆಗಳಿಗೆ ತಗೊಳ್ಳುತ್ತದೆ, ಘಟಕ ನಡೆಸುವ ಖರ್ಚಿನಲ್ಲೂ ಪಾಲು ಹಾಕುತ್ತದೆ. ಅಂದರೆ ಕೊಳಚೆಗೂ ಗಿರಾಕಿ ಇದ್ದಾನೆ. ಅನಂತಪುರದಂಥ ಬರದ ಸೀಮೆಗೆ ಇದು ನಮಗಿಂತ ಹೆಚ್ಚು ಉಪಯೋಗಕ್ಕೆ ಬರುವ ಮಾತು. ಅಲ್ಲಿ ಗಿರಾಕಿ ಕಾರ್ಖಾನೆಯೇ ಆಗಬೇಕು ಅಂತಿಲ್ಲ, ಹೊಲವೂ ಆಗಬಹುದು. ಆದರೆ ಇಂಥ ಒಪ್ಪಂದ ನಡೆಯೋದು ಪೈಪು ಸೋರದೆ, ಪಂಪು ನಿಲ್ಲದೆ ಇದ್ದರೆ ಮಾತ್ರ.

ಕಸದ ವಿಷಯಕ್ಕೆ ಬಂದರೆ ಪಚ್ಚನಾಡಿ. 2019ರ ಆಗಸ್ಟ್‌ನ ಮಳೆಗೆ ಆ ಗುಡ್ಡೆ ಜಾರಿ ಕೆಳಗಿನ ಮಂದಾರಕ್ಕೆ ಇಳಿಯಿತು. ಭೂಕುಸಿತ ಅಲ್ಲ, ಕಸದ ಕುಸಿತ. ನಿಧಾನಕ್ಕೆ, ದಿನಗಟ್ಟಲೆ ಹರಿದು ಬಂತು. ತೆಂಗು, ಕಂಗಿನ ತೋಟ, ಮನೆ, ದೈವಸ್ಥಾನ ಎಲ್ಲ ಅದರಡಿ. 27 ಕುಟುಂಬ ಊರು ಬಿಟ್ಟವು. ಕಸದ ರಸ ಫಲ್ಗುಣಿ ನದಿ ಸೇರಿತು. ನಾಲ್ಕು ವರ್ಷ ತುಂಬುವ ಮೊದಲೇ, 2023ರ ಜನವರಿಯಲ್ಲಿ, ಅದೇ ಜಾಗದಲ್ಲಿ ಬೆಂಕಿ. ಹಳೇ ಕಸ ಸುಮಾರು 9 ಲಕ್ಷ ಟನ್, ಅದನ್ನು ಬೇರ್ಪಡಿಸಿ ಕರಗಿಸಲು ಮಂಜೂರಾದದ್ದು 73 ಕೋಟಿ ಚಿಲ್ಲರೆ. ಅಂದರೆ ವರ್ಷಗಟ್ಟಲೆ 'ಉಳಿಸಿದ' ಖರ್ಚು ಒಟ್ಟಿಗೆ ಬಿಲ್ಲಾಗಿ ಬಂತು. ಇಡೀ ರಾಜ್ಯದ ಮಟ್ಟದಲ್ಲಿ ನೋಡಿದರೆ 2022ರ ಅಕ್ಟೋಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಕಸ ಮತ್ತು ಕೊಳಚೆ ನಿರ್ವಹಿಸದ ಕರ್ನಾಟಕಕ್ಕೆ 2,900 ಕೋಟಿ ರೂಪಾಯಿ ಪರಿಹಾರದ ಹೊರೆ ಹಾಕಿತು. ಇಂಥ ಹೊರೆಯೂ ಕೊನೆಗೆ ಬೀಳೋದು ತೆರಿಗೆ ಕಟ್ಟುವವನ ಮೇಲೆಯೇ.

ಮತ್ತೆ, ನಾವು ಏನೂ ಕೊಡ್ತಾ ಇಲ್ಲವಾ? ಕೊಡ್ತಾ ಇದ್ದೇವೆ. ಆಸ್ತಿ ತೆರಿಗೆಯ ಚಲನ್ ತೆಗೆದು ನೋಡಿ, ಘನತ್ಯಾಜ್ಯ ಸೆಸ್ ಅಂತ ಒಂದು ಸಾಲು ಇದೆ. ಬಾಡಿಗೆ ಮನೆಯವನು ಆ ಚಲನ್ ನೋಡಿಯೇ ಇರೋದಿಲ್ಲ, ಆದರೆ ಬಾಡಿಗೆಯಲ್ಲಿ ಅದು ಸೇರಿರುತ್ತದೆ. ಬೆಂಗಳೂರಿನಲ್ಲೂ 2025ರ ಏಪ್ರಿಲ್‌ನಿಂದ ಕಟ್ಟಡದ ಗಾತ್ರ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ ಆಸ್ತಿ ತೆರಿಗೆಯ ಜೊತೆಗೇ ಸೇರಿಸಿದರು. ಆಂಧ್ರದ ಹಾಗೆ ಬಾಗಿಲು ತಟ್ಟಿ ಕೇಳಲ್ಲ, ಅದಕ್ಕೇ ಗಲಾಟೆ ಕಡಿಮೆ. ಗಲಾಟೆ ಕಡಿಮೆ ಅಂದರೆ ಪ್ರಶ್ನೆಯೂ ಕಡಿಮೆ. ನಮ್ಮ ವಾರ್ಡಿನಿಂದ ವರ್ಷಕ್ಕೆ ಎಷ್ಟು ಸೆಸ್ ಹೋಯಿತು, ಅದರಲ್ಲಿ ಎಷ್ಟು ಗುತ್ತಿಗೆದಾರನಿಗೆ, ಎಷ್ಟು ಸಂಬಳಕ್ಕೆ, ಎಷ್ಟು ಪಂಪಿನ ರಿಪೇರಿಗೆ? ಈ ಲೆಕ್ಕ ಕೇಳುವ ಜಾಗ ವಾರ್ಡ್ ಸಮಿತಿ. ಕೇಳಿಸಿಕೊಳ್ಳುವವರು ಕಾರ್ಪೊರೇಟರ್. ಮಂಗಳೂರು ಪಾಲಿಕೆಯ 60 ವಾರ್ಡಿನ ಕೌನ್ಸಿಲ್ ಅವಧಿ 2025ರ ಫೆಬ್ರವರಿಯಲ್ಲಿ ಮುಗಿದು ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಸೆಸ್ ವಸೂಲಿಗೆ ಮಾತ್ರ ಯಾವ ಅವಧಿಯೂ ಮುಗಿಯಲ್ಲ.

ಲೆಕ್ಕ ಕೇಳುವಾಗ ಮೊದಲು ಕೇಳಬೇಕಾದ್ದು ಕೆಲಸಗಾರರ ಬಗ್ಗೆ. 2023ರ ಮಾರ್ಚ್‌ನಲ್ಲಿ ಮಂಗಳೂರಿನ ಕಸದ ಗಾಡಿ ಚಾಲಕರು, ಲೋಡರ್‌ಗಳು, ಒಳಚರಂಡಿ ಕಾರ್ಮಿಕರು ನೇರ ಪಾವತಿ ಬೇಕೆಂದು ಮುಷ್ಕರ ಮಾಡಿದಾಗ ನಗರ ನಾರಿತು. ನಾವು ನಾರಿದ್ದನ್ನು ಬೈದೆವು. ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸಬಾರದು ಅಂತ 2013ರಲ್ಲೇ ಕಾನೂನು ಬಂದಿದೆ. 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟ್ ಇಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಇಳಿಸದೇ ಇರಬೇಕಾದರೆ ಯಂತ್ರ ಬೇಕು, ಯಂತ್ರಕ್ಕೆ ದುಡ್ಡು ಬೇಕು, ಅದೂ ಪ್ರತಿ ವರ್ಷ. ನಮ್ಮ ಮನೆಯ ಪಿಟ್ಟಿಗೆ ಟ್ಯಾಂಕರ್ ಕರೆಯುವಾಗಲೂ 'ಕೆಳಗೆ ಗಟ್ಟಿ ಉಳಿದಿದೆ, ಸ್ವಲ್ಪ ಇಳಿದು ತೆಗೀರಿ' ಅನ್ನೋ ಮಾತು ಕೇಳಿಬರುತ್ತದೆ. ಹಾಗೆ ಹೇಳಿ ಇಳಿಸಿದರೆ ಅದು ಅಪರಾಧ. ಜುಮಾ ಖುತ್ಬಾದಲ್ಲಿ ಶುಚಿತ್ವದ ಹದೀಸ್ ಕೇಳುವ ನಾವು ಆ ಶುಚಿತ್ವವನ್ನು ಯಾರ ಜೀವ ಪಣಕ್ಕಿಟ್ಟು ಪಡೀತೇವೆ ಅಂತಲೂ ಕೇಳಬೇಕಾಗುತ್ತದೆ.

ಗುಜರಿಯವರು ಲೆಕ್ಕದಲ್ಲೇ ಇಲ್ಲ

ಕರಾವಳಿಯಲ್ಲಿ ಮರುಬಳಕೆ ಅನ್ನೋ ಪದ ಬರುವ ಎಷ್ಟೋ ವರ್ಷ ಮೊದಲೇ ಗುಜರಿ ಇತ್ತು. ಅದನ್ನು ನಡೆಸಿಕೊಂಡು ಬಂದವರಲ್ಲಿ ನಮ್ಮವರು ಬಹಳ. ಸೈಕಲ್ಲಿನಲ್ಲಿ ಊರು ಸುತ್ತಿದ ಕಾಕ, ನಂತರ ಆಟೋ, ನಂತರ ತಗಡಿನ ಶೆಡ್ಡು. ರಟ್ಟು, ಕಬ್ಬಿಣ, ಬಾಟಲಿ, ಪ್ಲಾಸ್ಟಿಕ್. ಪಾಲಿಕೆ ಒಂದು ಪೈಸೆ ಕೊಡದೆ ಅದರ ಗುಡ್ಡೆಗೆ ಹೋಗಬೇಕಿದ್ದ ಟನ್ನುಗಟ್ಟಲೆ ಮಾಲನ್ನು ಇವರು ದಿನಾ ತಡೆಯುತ್ತಾರೆ. ಆದರೂ ಗುಜರಿ ಅಂಗಡಿ ಅಂದರೆ ಪೊಲೀಸರಿಗೆ ಕದ್ದ ಮಾಲಿನ ಅನುಮಾನ, ಅಕ್ಕಪಕ್ಕದವರಿಗೆ ಕಿರಿಕಿರಿ. ಮದುವೆ ಸಂಬಂಧ ನೋಡುವಾಗ ನಮ್ಮೊಳಗೇ ಮೂಗು ಮುರಿಯುವವರಿದ್ದಾರೆ, ಅದನ್ನೂ ಹೇಳಿಬಿಡೋಣ.

ತೆರಿಗೆಯೂ ಇವರ ಪರವಾಗಿ ಬಂದಿಲ್ಲ. ಪ್ಲಾಸ್ಟಿಕ್ ಗುಜರಿಯ ಜಿಎಸ್‌ಟಿಯನ್ನು 2021ರ ಅಕ್ಟೋಬರ್‌ನಿಂದ ನೂರಕ್ಕೆ 5ರಿಂದ 18ಕ್ಕೆ ಏರಿಸಿದರು. 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ ಕೊಂಡವನೇ ತೆರಿಗೆ ಕಟ್ಟಬೇಕು ಅಂತ ಆಯಿತು. ಬಿಲ್ಲಿಲ್ಲದ ಸಣ್ಣವನಿಂದ ಕೊಳ್ಳಲು ದೊಡ್ಡವನು ಹಿಂದೆಮುಂದೆ ನೋಡುತ್ತಾನೆ, ಇಲ್ಲವೇ ದರದಲ್ಲಿ ಕತ್ತರಿಸುತ್ತಾನೆ.

ಇನ್ನೊಂದು ಕಡೆಯಿಂದ ಹೊಸ ವ್ಯವಸ್ಥೆ ಬರುತ್ತಿದೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ, ಆಮೇಲೆ ನಮ್ಮ ತೆಂಕ ಎಡಪದವಿನಲ್ಲಿ, ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಘಟಕ ಆಗಿದೆ. ಹತ್ತಾರು ಗ್ರಾಮ ಪಂಚಾಯತ್‌ಗಳ ಮಾಲು ಒಂದೇ ಕಡೆ, ಸ್ವಸಹಾಯ ಸಂಘದ ಹೆಂಗಸರೇ ಗಾಡಿ ಓಡಿಸಿಕೊಂಡು ಮನೆ ಮನೆಗೆ ಬರುತ್ತಾರೆ. ಒಳ್ಳೆಯದೇ. ಒಂದೊಂದು ಪಂಚಾಯತ್ ತನ್ನದೇ ಶೆಡ್ಡು ಕಟ್ಟಿ ಬೀಗ ಹಾಕೋದಕ್ಕಿಂತ ಇದು ಎಷ್ಟೋ ಮೇಲು. ಮಡಕಶಿರದಂಥ ಊರಿಗೂ ಸುತ್ತಲಿನ ಹಳ್ಳಿಗಳ ಜೊತೆ ಸೇರಿ ಇಂಥದ್ದೊಂದು ಸಾಧ್ಯ. ಒಬ್ಬಂಟಿಯಾಗಿ ಮಾಡಲು ಹೋದರೆ ಡೀಸೆಲ್ಲಿಗೇ ಸಾಲದು.

ಆದರೆ ಬೆಲೆ ಬಾಳುವ ಮಾಲು ಘಟಕಕ್ಕೆ ಹೋದರೆ ಗುಜರಿಯವನ ಗತಿ ಏನು? ಬೆಲೆ ಬಾಳುವುದನ್ನು ಗುಜರಿಯವನು ಮೊದಲೇ ಎತ್ತಿಕೊಂಡರೆ ಘಟಕಕ್ಕೆ ಉಳಿಯೋದು ಬಿಸ್ಕತ್ತು ಪ್ಯಾಕೆಟ್, ಹರಿದ ಚಪ್ಪಲಿ. ಅದನ್ನು ಯಾರೂ ಕೊಳ್ಳಲ್ಲ, ಘಟಕ ನಷ್ಟಕ್ಕೆ ಬೀಳುತ್ತದೆ. ಇವೆರಡರ ನಡುವೆ ಜಗಳ ಈಗಿನ್ನೂ ದೊಡ್ಡದಾಗಿಲ್ಲ, ಆಗುತ್ತದೆ. 2016ರ ನಿಯಮದಲ್ಲೇ ಕಸ ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಅಂತಿತ್ತು. ಸೇರಿಸಿಕೊಳ್ಳಿ ಅಂತ ಕೇಳಲು ಗುಜರಿಯವರಿಗೆ ಒಂದು ಸಂಘ, ಒಂದು ಪಟ್ಟಿ, ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ನಂಬರ್ ಬೇಕು. ಬಿ.ಕಾಂ. ಮುಗಿಸಿ ಸೌದಿ ವೀಸಾ ಕಾಯುತ್ತಿರುವ ನಮ್ಮ ಹುಡುಗರು ತಮ್ಮ ಊರಿನ ನಾಲ್ಕು ಗುಜರಿ ಅಂಗಡಿಯ ಕಾಗದಪತ್ರ ಸರಿ ಮಾಡಿಕೊಟ್ಟರೆ, ಮುಂದಿನ ಸಲ ಒಣ ಕಸದ ಟೆಂಡರ್ ಕರೆದಾಗ ಅರ್ಜಿ ಹಾಕಲು ಹೊರಗಿನ ಕಂಪೆನಿ ಮಾತ್ರ ಇರೋದಿಲ್ಲ.

ಕೊನೆಗೆ ನಮ್ಮ ಮದುವೆ ಹಾಲ್‌ಗಳದ್ದು. ಸಾವಿರ ಜನರ ನಿಕಾಹ್, ಬಿರಿಯಾನಿ, ಸಾವಿರ ಪ್ಲಾಸ್ಟಿಕ್ ಬಾಟಲಿ, ಉಳಿದ ಅನ್ನ, ಮೂಳೆ, ಎಲ್ಲ ಒಂದೇ ಚೀಲದಲ್ಲಿ. 2016ರ ನಿಯಮದ ಪ್ರಕಾರ ಲೈಸೆನ್ಸ್ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಕ್ಕೆ ಮೂರು ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕಿತ್ತು, ಕಸ ವಿಂಗಡಿಸಿ ಕೊಡಬೇಕಿತ್ತು. ಮನೆಯಂಗಳದ ಮದುವೆ, ಮೈದಾನದ ಮಜ್ಲಿಸ್ ಎಲ್ಲಕ್ಕೂ ಇದು ಅನ್ವಯವಾಗುತ್ತಿತ್ತು. ಜಮಾಅತ್ ಕಮಿಟಿಗಳು ಹಾಲ್ ಬಾಡಿಗೆಯ ರಶೀದಿಯಲ್ಲೇ ಕಸದ್ದು ಅಂತ ಒಂದು ಮೊತ್ತ ಸೇರಿಸಿ, ಹಸಿ ಕಸ ಹಂದಿ ಅಥವಾ ಕೋಳಿ ಫಾರಂನವರಿಗೋ ಗೊಬ್ಬರದ ಗುಂಡಿಗೋ, ಒಣ ಕಸ ಊರಿನ ಗುಜರಿಗೋ ಎಂದು ಮೊದಲೇ ಮಾತಾಡಿ ಇಡಬಹುದು. ಸಾವಿರ ಜನರ ಊಟಕ್ಕೆ ಲಕ್ಷಗಟ್ಟಲೆ ಖರ್ಚು ಮಾಡುವವರಿಗೆ ಇನ್ನೆರಡು ಸಾವಿರ ಹೆಚ್ಚಾಗದು. ಆ ರಶೀದಿಯ ಇನ್ನೊಂದು ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಾಕಿ, ದುಡ್ಡು ಯಾರಿಗೆ ಹೋಯಿತು ಅಂತ ಬರೆದರೆ ಸಾಕು. ರಾಯದುರ್ಗದಿಂದ ವಿಜಯವಾಡದವರೆಗೆ ಮೂರು ವರ್ಷ ಯಾವ ಪುರಸಭೆಯ ಗೋಡೆಯ ಮೇಲೂ ಅಂಥ ಕಾಗದ ಅಂಟಿಸಬೇಕೆಂದು ಸರಕಾರಕ್ಕೆ ಹೊಳೆಯಲಿಲ್ಲ.